ಮಸುಕಿನ ಲೆಕ್ಕ

2022ರ ನವೆಂಬರ್ ತಿಂಗಳ ಒಂದು ರಾತ್ರಿ ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ಅಪ್ಪನಿಗೆ ಒಂದು ಬೈಕು ಗುದ್ದಿ, ನಿಲ್ಲದೆ ಹೋಯಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಎದುರಿನ ಹಾರ್ಡ್‌ವೇರ್ ಅಂಗಡಿಯ ಸಿಸಿಟಿವಿಯಲ್ಲಿ ಎಲ್ಲವೂ ದಾಖಲಾಗಿತ್ತು, ನಂಬರ್ ಪ್ಲೇಟ್ ಒಂದನ್ನು ಬಿಟ್ಟು. ಪ್ಲೇಟು ಇರಬೇಕಾದ ಜಾಗದಲ್ಲಿ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿದಂತೆ ಬೂದು ಬಣ್ಣದ ಪಟ್ಟಿ. ಅಕ್ಕನ ಮಗ ಆ ತುಣುಕನ್ನು ವಾಟ್ಸ್ಆ್ಯಪ್‌ನಲ್ಲಿ ನನಗೆ ಕಳಿಸಿದ. ನಾನಿರುವುದು ಬಾಸ್ಟನ್‌ನ ಹೊರವಲಯದಲ್ಲಿ. ಅಲ್ಲಿ ಕೂತು ಆಸ್ಪತ್ರೆಗೆ ಹಣ ಕಳಿಸುವುದು ಬಿಟ್ಟು ಮಾಡಲು ನನಗೆ ಬೇರೇನೂ ಇರಲಿಲ್ಲ. ಹಾಗಾಗಿ ಆ ಬೂದು ಪಟ್ಟಿಯನ್ನು ಹಿಡಿದುಕೊಂಡೆ.

ಮಸುಕಾದ ಫೋಟೋವನ್ನು ಸ್ಪಷ್ಟ ಮಾಡಿಕೊಡುವ ಆ್ಯಪ್‌ಗಳು ಆಗಲೇ ಬೇಕಾದಷ್ಟು ಬಂದಿದ್ದವು. ಒಂದಕ್ಕೆ ಆ ಚಿತ್ರವನ್ನು ಕೊಟ್ಟೆ. ಅರ್ಧ ನಿಮಿಷದಲ್ಲಿ ಅಚ್ಚು ಹೊಡೆದಂಥ ಅಂಕಿಗಳು ಬಂದವು. ಕೆಎ 44 ಸರಣಿಯ ಪೂರ್ತಿ ನಂಬರು. ಭಾವನಿಗೆ ಫೋನ್ ಮಾಡಿ ಹೇಳಿದೆ. ಭಾವ ಮರುದಿನವೇ ಠಾಣೆಗೆ ಹೋಗಿ ಆ ನಂಬರು ಬರೆಸಿ ಬಂದರು. ಎರಡು ದಿನ ಬಿಟ್ಟು, ಆಡಿಟರ್ ಬುದ್ಧಿ ಸುಮ್ಮನಿರದೆ, ಅದೇ ಚಿತ್ರವನ್ನು ಇನ್ನೊಂದು ಆ್ಯಪ್‌ಗೆ ಹಾಕಿ ನೋಡಿದೆ. ಅದೂ ಅಷ್ಟೇ ಸ್ಪಷ್ಟವಾಗಿ ಅಚ್ಚು ಹೊಡೆದುಕೊಟ್ಟಿತು. ಆದರೆ ಮೊದಲನೆಯದರಲ್ಲಿ 3 ಇದ್ದ ಕಡೆ ಇದರಲ್ಲಿ 8 ಇತ್ತು, ಕೊನೆಯ ಅಂಕಿಯೂ ಬೇರೆ. ಅಷ್ಟರಲ್ಲಿ ಮೊದಲ ನಂಬರಿನ ಬೈಕಿನ ಯಜಮಾನನನ್ನು ಠಾಣೆಗೆ ಕರೆಸಿ ಅರ್ಧ ದಿನ ಬೆಂಚಿನ ಮೇಲೆ ಕೂರಿಸಿದ್ದರು. ಸಣ್ಣ ಹೋಟೆಲು ನಡೆಸುವವನಂತೆ. ಆ ರಾತ್ರಿ ಅವನು ಊರಲ್ಲೇ ಇರಲಿಲ್ಲ, ಅದಕ್ಕೆ ಹತ್ತು ಜನ ಸಾಕ್ಷಿ ಇದ್ದರು. ಅವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಕೊಬ್ಬರಿ ಮಂಡಿಯಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವರು. ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದಲ್ಲಿಂದಲೇ ಫೋನಿನಲ್ಲಿ ಕೇಳಿದರು: "ಅಲ್ಲಪ್ಪಾ, ಕಿರ್ದಿಲಿ ಇಲ್ದಿರೋ ಬಾಬ್ತು ಖಾತೆಗೆ ಹೆಂಗೆ ಬಂತು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಈ ಚರಿತ್ರೆ. ಇದರ ಮುಖ್ಯ ಘಟನೆ ನಡೆದದ್ದು ನಮ್ಮ ಮನೆಯಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಕೇಂಬ್ರಿಜ್‌ನಲ್ಲಿ, 2006ರಲ್ಲಿ. ಆಗ ನಾನು ಬೆಂಗಳೂರಿನ ಚಾಮರಾಜಪೇಟೆಯ ಒಂದು ಆಡಿಟ್ ಕಚೇರಿಯಲ್ಲಿ ವೋಚರ್‌ಗಳಿಗೆ ಹಸಿರು ಇಂಕಿನಲ್ಲಿ ಟಿಕ್ ಹಾಕುತ್ತಿದ್ದೆ. ನಾನು ಬಿ.ಕಾಂ. ಓದಿ ಸಿ.ಎ. ಮಾಡಿದವನು, ಭೌತಶಾಸ್ತ್ರ ಪಿಯುಸಿಯಲ್ಲೂ ಇರಲಿಲ್ಲ. ಆದರೆ ಈ ವಿಷಯ ನೋಡನೋಡುತ್ತಾ ನಮ್ಮ ಕಸುಬಿನದೇ ಅನ್ನಿಸತೊಡಗಿತು.

ಫೋಟೋ ಎಂದರೆ ಒಂದು ಮೊತ್ತ. ಶಟರ್ ತೆರೆದಿರುವಷ್ಟು ಹೊತ್ತು ಒಂದೊಂದು ಬಿಂದುವಿಗೂ ಬೆಳಕು ಬಂದು ಬೀಳುತ್ತದೆ. ಶಟರ್ ಮುಚ್ಚಿದಾಗ ಉಳಿಯುವುದು ಅಖೈರು ಬಾಕಿ ಮಾತ್ರ. ಯಾವ ಬೆಳಕು ಯಾವ ಕ್ಷಣದಲ್ಲಿ ಬಂತು ಎಂಬ ಕಿರ್ದಿ ಎಲ್ಲೂ ಇಲ್ಲ. ಎದುರಿನ ವಸ್ತು ಅಲ್ಲಾಡದಿದ್ದರೆ ತೊಂದರೆಯಿಲ್ಲ. ಬಂದದ್ದೆಲ್ಲ ಒಬ್ಬನದೇ ಜಮೆ. ಅದು ಓಡುತ್ತಿದ್ದರೆ ಒಂದೇ ಖಾತೆಗೆ ಹತ್ತು ಜನರ ಹಣ ಬಿದ್ದಂತೆ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ರಾತ್ರಿ ಹೊತ್ತು ಸಿಸಿಟಿವಿ ಕ್ಯಾಮೆರಾ ಸೆಕೆಂಡಿನ 25ರಲ್ಲಿ ಒಂದು ಪಾಲು ಕಣ್ಣು ತೆರೆದಿದ್ದರೆ ಅಷ್ಟರಲ್ಲಿ ಬೈಕು 44 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಬೈಕಿನ ಪ್ಲೇಟು ಹೆಚ್ಚು ಕಡಿಮೆ ಒಂದು ಗೇಣು. ನಮ್ಮ ತುಣುಕಿನಲ್ಲಿ ಬೈಕು ಓರೆಯಾಗಿ ಹೋದದ್ದರಿಂದ ಜಾರಿದ್ದು ಅಷ್ಟಿರಲಿಲ್ಲ. ಆದರೂ ಒಂದೊಂದು ಅಂಕಿ ತನ್ನ ಅಗಲದ ಮೂರು ನಾಲ್ಕು ಪಟ್ಟು ಎಳೆದುಕೊಂಡಿತ್ತು.

ಹೀಗೆ ಕಲೆತ ಮೊತ್ತವನ್ನು ಮತ್ತೆ ಬಿಡಿಸಬಹುದೇ? ಎಷ್ಟು ದೂರ ಜಾರಿತು ಎಂದು ಗೊತ್ತಿದ್ದರೆ ಬಿಡಿಸಬಹುದು ಎಂದೇ ನಾನೂ ಅಂದುಕೊಂಡಿದ್ದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿದ ಮೇಲೆ ಭ್ರಮೆ ಹೋಯಿತು. ಲೆಕ್ಕ ಕಂಡರೆ ಓಡುವವರು ಒಂದೆರಡು ನಿಮಿಷ ತಡೆದುಕೊಳ್ಳಬೇಕು.

ಪ್ಲೇಟಿನ ಮೇಲೆ ಕಪ್ಪು ಬಿಳಿ ಪಟ್ಟೆಗಳಿವೆ ಎನ್ನಿ. ಎರಡು ಬಿಂದು ಕಪ್ಪು, ಎರಡು ಬಿಂದು ಬಿಳಿ, ಮತ್ತೆ ಎರಡು ಕಪ್ಪು, ಎರಡು ಬಿಳಿ. ಕಪ್ಪಿಗೆ 0, ಬಿಳಿಗೆ 1. ಶಟರ್ ನಾಲ್ಕು ಕ್ಷಣ ತೆರೆದಿದೆ, ಕ್ಷಣಕ್ಕೊಂದು ಬಿಂದುವಿನಂತೆ ಪ್ಲೇಟು ಸರಿಯುತ್ತಿದೆ. ಆಗ ಫೋಟೋದ ಪ್ರತಿಯೊಂದು ಬಿಂದುವೂ ಸಾಲಾಗಿ ನಾಲ್ಕನ್ನು ಕೂಡಿಸಿಕೊಳ್ಳುತ್ತದೆ. ಎಲ್ಲಿಂದ ಶುರು ಮಾಡಿದರೂ ಅದರಲ್ಲಿ ಎರಡು ಕಪ್ಪು, ಎರಡು ಬಿಳಿ. ಮೊತ್ತ ಎಲ್ಲ ಕಡೆ 2. ಪಟ್ಟೆ ಮಸುಕಾಗಲಿಲ್ಲ, ಪೂರ್ತಿ ಅಳಿಸಿಹೋಯಿತು. ಪಟ್ಟೆಯೇ ಇಲ್ಲದ ಬೂದು ತಗಡನ್ನು ಓಡಿಸಿದ್ದರೂ ಇದೇ 2 ಬರುತ್ತಿತ್ತು. ನೂರು ರೂಪಾಯಿ ಜಮೆ, ಅದೇ ದಿನ ನೂರು ರೂಪಾಯಿ ಖರ್ಚು, ಸಂಜೆಯ ಬಾಕಿ ಸೊನ್ನೆ. ಆ ಸೊನ್ನೆಯನ್ನು ಎಷ್ಟು ಹಿಂಡಿದರೂ ಒಳಗಿನ ವ್ಯವಹಾರ ಹೊರಬರುವುದಿಲ್ಲ.

ಬೇರೆ ಅಗಲದ ಪಟ್ಟೆಗಳು ಹೀಗೆ ಪೂರ್ತಿ ಅಳಿಯುವುದಿಲ್ಲ, ಸ್ವಲ್ಪ ಗುರುತು ಬಿಡುತ್ತವೆ. ಯಾವುದೇ ಚಿತ್ರವನ್ನು ಹಲವು ಅಗಲದ ಇಂಥ ಪಟ್ಟೆಗಳ ಮೊತ್ತ ಎಂದು ನೋಡಬಹುದು. ಹಾಗಾಗಿ ಸಾದಾ ಶಟರ್‌ನ ಮಸುಕಿನಲ್ಲಿ ಕೆಲವು ಅಗಲಗಳ ಮಾಹಿತಿ ಉಳಿದಿರುತ್ತದೆ, ಕೆಲವು ಅಗಲಗಳದ್ದು ಸೊನ್ನೆಯಾಗಿರುತ್ತದೆ. ಸೊನ್ನೆಯಾದದ್ದನ್ನು ವಾಪಸು ತರುವುದೆಂದರೆ ಸೊನ್ನೆಯಿಂದ ಭಾಗಿಸಿದಂತೆ. ಸೊನ್ನೆಯ ಹತ್ತಿರ ಬಂದದ್ದನ್ನು ಹಿಗ್ಗಿಸಿದರೆ ಜೊತೆಗೆ ಕ್ಯಾಮೆರಾದ ಗದ್ದಲವೂ ಅಷ್ಟೇ ಪಟ್ಟು ಹಿಗ್ಗಿ ಚಿತ್ರದ ತುಂಬ ಕಾಳು ಚೆಲ್ಲಿದಂತಾಗುತ್ತದೆ.

ಈ ಪೇಚಿನಿಂದ ತಪ್ಪಿಸಿಕೊಳ್ಳಲು ಛಾಯಾಗ್ರಹಣ ನೂರು ವರ್ಷಕ್ಕೂ ಮಿಕ್ಕಿ ಒಂದೇ ಉಪಾಯವನ್ನು ನೆಚ್ಚಿಕೊಂಡಿತ್ತು. ಜಾರಲು ಸಮಯವನ್ನೇ ಕೊಡಬೇಡ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ರೈಲ್ವೆ ಶ್ರೀಮಂತ ಲೀಲಂಡ್ ಸ್ಟ್ಯಾನ್‌ಫರ್ಡ್‌ನ ಕುದುರೆಯನ್ನು 12 ಕ್ಯಾಮೆರಾಗಳ ಮುಂದೆ ಓಡಿಸಿದ. ಕುದುರೆ ದಾರ ಕಡಿಯುತ್ತಾ ಹೋದಂತೆ ಒಂದೊಂದು ಶಟರ್ ಬಿಟ್ಟುಕೊಂಡಿತು. ನಾಲ್ಕು ಕಾಲೂ ನೆಲ ಬಿಟ್ಟಿರುವ ಗಳಿಗೆ ಇದೆಯೆಂದು ಜಗತ್ತು ನೋಡಿತು. (ಇದಕ್ಕಾಗಿ ಸ್ಟ್ಯಾನ್‌ಫರ್ಡ್ ಭಾರಿ ಪಣ ಕಟ್ಟಿದ್ದನೆಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ವೋಚರ್ ಇಲ್ಲ.)

ಅದಾದ ನಾಲ್ಕು ವರ್ಷಕ್ಕೆ ಫ್ರಾನ್ಸ್‌ನಲ್ಲಿ ಶರೀರಶಾಸ್ತ್ರಜ್ಞ ಎಟಿಯೆನ್ ಜೂಲ್ ಮಾರೆ ಮಾಡಿದ್ದು ನನ್ನ ಕಥೆಗೆ ಇನ್ನೂ ಹತ್ತಿರದ್ದು. ಅವನು ಹನ್ನೆರಡು ಕ್ಯಾಮೆರಾ ಇಡಲಿಲ್ಲ. ಒಂದೇ ಗಾಜಿನ ಫಲಕ, ಅದರ ಮುಂದೆ ಸೀಳುಗಳಿರುವ ಒಂದು ತಿರುಗುವ ತಟ್ಟೆ. ಸೀಳು ಬಂದಾಗಲೆಲ್ಲ ಬೆಳಕು ಒಳಗೆ. ಒಂದೇ ಫೋಟೋದಲ್ಲಿ ಶಟರ್ ಹಲವು ಸಲ ತೆರೆದು ಮುಚ್ಚುವ ಕ್ಯಾಮೆರಾ ಹೀಗೆ 1880ರ ದಶಕದಲ್ಲೇ ಇತ್ತು. ಆದರೆ ಸೀಳುಗಳು ಸಮಸಮ ದೂರದಲ್ಲಿದ್ದವು, ಚಿತ್ರದ ಮೇಲೆ ಚಿತ್ರ ಬಿದ್ದು ಕಲಸುಮೇಲೋಗರವಾಗುತ್ತಿತ್ತು. ಮಾರೆ ಇದಕ್ಕೆ ಕಂಡುಕೊಂಡ ಪರಿಹಾರ ಗುಮಾಸ್ತರಿಗೆ ಮೆಚ್ಚಾಗುವಂಥದ್ದು. ಓಡುವವನಿಗೆ ಕಪ್ಪು ಬಟ್ಟೆ ತೊಡಿಸಿ, ಹಿಂದೆ ಕಪ್ಪು ಪರದೆ ಕಟ್ಟಿ, ಕೈಕಾಲಿನ ಉದ್ದಕ್ಕೂ ಬಿಳಿ ಪಟ್ಟಿ ಮಾತ್ರ ಅಂಟಿಸಿದ. ನಮೂದುಗಳು ಬೆರೆಯದಂತೆ ನಮೂದುಗಳನ್ನೇ ಕಡಿಮೆ ಮಾಡಿದ.

ಇಪ್ಪತ್ತನೇ ಶತಮಾನದಲ್ಲಿ ಎಂಐಟಿಯ ಹೆರಾಲ್ಡ್ ಎಜರ್ಟನ್ ಶಟರ್‌ನ ಗೊಡವೆಯನ್ನೇ ಬಿಟ್ಟರು. ಕತ್ತಲ ಕೋಣೆ, ತೆರೆದಿಟ್ಟ ಕ್ಯಾಮೆರಾ, ಮಿಂಚಿನಂತೆ ಬಂದು ಹೋಗುವ ವಿದ್ಯುತ್ ದೀಪ. 1964ರಲ್ಲಿ ಸೇಬಿನ ಮೂಲಕ ಹಾದುಹೋಗುವ ಗುಂಡಿನ ಚಿತ್ರ ತೆಗೆದಾಗ ಆ ಬೆಳಕು ಇದ್ದದ್ದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ ಹೊತ್ತು. ಎಂಐಟಿಯ ನಾಲ್ಕನೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ 'ಸ್ಟ್ರೋಬ್ ಆ್ಯಲಿ' ಎಂಬ ಓಣಿಯಿದೆ, ಗೋಡೆಯ ತುಂಬ ಅವರ ಚಿತ್ರಗಳು. ಮಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಾಲಿನ ಹನಿ ಬಿದ್ದು ಕಿರೀಟದಂತೆ ಎದ್ದ ಚಿತ್ರದ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು. ನಾನು ಹೊಟ್ಟೆ ಹಸಿವೆಂದು ಅವಸರ ಮಾಡಿದ್ದೆ. ಆ ಓಣಿಗೂ ನನಗೂ ಮುಂದೆ ಲೆಕ್ಕ ಇದೆಯೆಂದು ಆಗ ಗೊತ್ತಿರಲಿಲ್ಲ.

ಈ ದಾರಿಗೆ ಬೇಕಾದದ್ದು ಬೆಳಕು. ಸಮಯ ಕಡಿಮೆಯಾದಷ್ಟೂ ಬೆಳಕು ಹೆಚ್ಚು ಬೇಕು. ರಾತ್ರಿ ಬೀದಿಯಲ್ಲಿ ಹೋಗುವ ಬೈಕಿಗೆ ಎಜರ್ಟನ್ ದೀಪ ಹಿಡಿದು ನಿಲ್ಲುವವರು ಯಾರು?

ಬೇರೆ ಉಪಾಯ ಬಂದದ್ದು ಫೋಟೋಗ್ರಾಫರುಗಳಿಂದಲ್ಲ, ಆಕಾಶ ನೋಡುವವರಿಂದ. ಎಕ್ಸ್-ಕಿರಣ, ಗಾಮಾ ಕಿರಣಗಳನ್ನು ಗಾಜಿನ ಮಸೂರ ಬಾಗಿಸಿ ಒಂದೆಡೆ ಸೇರಿಸಲಾರದು. ಸೂಜಿರಂಧ್ರದ ಕ್ಯಾಮೆರಾ ಬಳಸಬಹುದು. ನಮ್ಮ ತೋಟದಲ್ಲಿ ತೆಂಗಿನ ಗರಿಗಳ ಸಂದಿಯಿಂದ ನೆಲಕ್ಕೆ ಬೀಳುವ ದುಂಡು ಬೆಳಕಿನ ಬಿಲ್ಲೆಗಳು ಸೂರ್ಯನ ಚಿತ್ರಗಳೇ. ಗ್ರಹಣದ ದಿನ ಎಲ್ಲವೂ ಅರ್ಧಚಂದ್ರಾಕಾರವಾಗುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಆದರೆ ರಂಧ್ರ ಸಣ್ಣದಾದರೆ ಕಿರಣ ಸಾಲದು, ದೊಡ್ಡದಾದರೆ ಚಿತ್ರ ಮಸುಕು. 1968ರಲ್ಲಿ ಪ್ರಿನ್ಸ್‌ಟನ್‌ನ ರಾಬರ್ಟ್ ಡಿಕಿ ಮತ್ತು ಅವರಿಂದ ಬೇರೆಯಾಗಿ ಜೆ.ಜಿ. ಏಬಲ್ಸ್ ಒಂದೇ ಮಾತು ಹೇಳಿದರು. ಒಂದು ರಂಧ್ರ ಬೇಡ, ತಗಡಿನ ತುಂಬ ರಂಧ್ರ ಕೊರೆಯಿರಿ, ಆದರೆ ಅಡ್ಡಾದಿಡ್ಡಿಯಾಗಿ ಕೊರೆಯಿರಿ. ನೂರಾರು ಚಿತ್ರಗಳು ಒಂದರ ಮೇಲೊಂದು ಬಿದ್ದು ಕಣ್ಣಿಗೆ ಏನೂ ತಿಳಿಯದಂತಾಗುತ್ತದೆ ನಿಜ. ರಂಧ್ರಗಳು ಎಲ್ಲೆಲ್ಲಿವೆ ಎಂಬ ಪಟ್ಟಿ ಕೈಯಲ್ಲಿದ್ದರೆ ಅದನ್ನು ಬಿಡಿಸಬಹುದು. ಡಿಕಿಯ ತಗಡಿನಲ್ಲಿ ಸುಮಾರು ಅರ್ಧ ತೆರಪು, ಅರ್ಧ ಮುಚ್ಚು. ಹತ್ತು ವರ್ಷದ ಮೇಲೆ, 1978ರಲ್ಲಿ, ಲಾಸ್ ಅಲಮೋಸ್‌ನ ಫೆನಿಮೋರ್ ಮತ್ತು ಕ್ಯಾನನ್ ರಂಧ್ರಗಳನ್ನು ಎಲ್ಲಿ ಕೊರೆದರೆ ಬಿಡಿಸುವಾಗ ಎಳ್ಳಷ್ಟೂ ಗೊಂದಲ ಉಳಿಯದು ಎಂಬುದಕ್ಕೆ ಗಣಿತದ ಸೂತ್ರ ಕೊಟ್ಟರು.

ಇದನ್ನು ಓದುವಾಗ ಬೆಂಗಳೂರಿನ ಹೆಸರು ಬಂದು ಖುಷಿಯಾಯಿತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಸಿದ್ಧವಾದದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ. ಅದರ ಒಂದು ಉಪಕರಣದ ಮುಂದೆ ಅರ್ಧ ಮಿಲಿಮೀಟರ್ ದಪ್ಪದ ಟ್ಯಾಂಟಲಮ್ ಲೋಹದ ಇಂಥದ್ದೇ ತೂತಿನ ತಗಡಿದೆ. ಆಕಾಶದಲ್ಲಿ ಹೊಸದಾಗಿ ಬೆಳಗುವ ಎಕ್ಸ್-ಕಿರಣ ಮೂಲಗಳನ್ನು ಕಾಯುವ ಇನ್ನೊಂದು ಉಪಕರಣದಲ್ಲೂ ಇದೇ ತಂತ್ರ, ಅದನ್ನು ಕಟ್ಟಿದ್ದೇ ಬೆಂಗಳೂರಿನಲ್ಲಿ. ಅದರ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಾನು ಷೇರು ಪೇಟೆಯ ಪುಟಕ್ಕೆ ಹೋಗಿರಬೇಕು.

ಆಕಾಶದವರು ಜಾಗದಲ್ಲಿ ಮಾಡಿದ್ದನ್ನು ಸಮಯದಲ್ಲಿ ಮಾಡಿದ್ದು ರಮೇಶ್ ರಸ್ಕರ್, ಅಮಿತ್ ಅಗ್ರವಾಲ್ ಮತ್ತು ಜ್ಯಾಕ್ ಟಂಬ್ಲಿನ್. ರಸ್ಕರ್ ನಾಸಿಕದಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ನಾರ್ತ್ ಕೆರೊಲಿನಾದಲ್ಲಿ ಡಾಕ್ಟರೇಟ್ ಮಾಡಿದವರು. ಅಗ್ರವಾಲ್ ಐಐಟಿ ಕಾನ್ಪುರದವರು. ಇಬ್ಬರೂ ಆಗ ಕೇಂಬ್ರಿಜ್‌ನ ಮಿತ್ಸುಬಿಷಿ ಎಲೆಕ್ಟ್ರಿಕ್ ಸಂಶೋಧನಾಲಯದಲ್ಲಿದ್ದರು. ಎಜರ್ಟನ್ ಓಣಿಯಿಂದ ನಡೆದುಕೊಂಡೇ ಹೋಗಬಹುದಾದಷ್ಟು ಹತ್ತಿರ. ಟಂಬ್ಲಿನ್ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು. 2006ರ ಬೇಸಿಗೆಯಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ದೊಡ್ಡ ಸಮ್ಮೇಳನ ಸಿಗ್‌ಗ್ರಾಫ್ ಬಾಸ್ಟನ್‌ನಲ್ಲೇ ನಡೆಯಿತು. ಅಲ್ಲಿ ಇವರು ಮಂಡಿಸಿದ ಪ್ರಬಂಧದ ವಿಷಯವೇ ಕೋಡೆಡ್ ಎಕ್ಸ್‌ಪೋಷರ್. ಪಟಪಟನೆ ಬಡಿಯುವ ಶಟರ್, 'ಫ್ಲಟರ್ಡ್ ಶಟರ್' ಎಂದು ಅದನ್ನು ಕರೆದರು.

ಉಪಾಯ ಇಷ್ಟೇ. ಶಟರನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚುವ ಬದಲು, ಅದೇ ಅವಧಿಯಲ್ಲಿ ಹಲವು ಸಲ, ಗೊತ್ತು ಮಾಡಿದ ಆದರೆ ಕ್ರಮವಿಲ್ಲದ ತಾಳದಲ್ಲಿ ತೆರೆದು ಮುಚ್ಚುವುದು. ನನ್ನ ಪಟ್ಟೆಯ ಲೆಕ್ಕಕ್ಕೇ ಮರಳಿ ಬನ್ನಿ. ನಾಲ್ಕು ಕ್ಷಣದಲ್ಲಿ ಮೂರನೆಯ ಕ್ಷಣ ಮಾತ್ರ ಶಟರ್ ಮುಚ್ಚಿ: ತೆರೆ, ತೆರೆ, ಮುಚ್ಚು, ತೆರೆ. ಈಗ ಬಿಂದುಗಳ ಮೊತ್ತ 1, 1, 2, 2, ಮತ್ತೆ 1, 1, 2, 2. ಪಟ್ಟೆ ಬದುಕಿಕೊಂಡಿತು! ಮಂಕಾಗಿದೆ, ಆದರೆ ಇದೆ. ಇರುವುದನ್ನು ಹಿಗ್ಗಿಸಬಹುದು. ಇನ್ನು ಮಾರೆಯ ತಟ್ಟೆಯಂತೆ ಸಮಸಮವಾಗಿ ಮಾಡಿ ನೋಡಿ: ತೆರೆ, ಮುಚ್ಚು, ತೆರೆ, ಮುಚ್ಚು. ಎಲ್ಲ ಕಡೆ 1, 1, 1, 1. ಪಟ್ಟೆ ಮಾಯ. ಶಟರ್ ಬಡಿದರೆ ಸಾಲದು, ತಾಳ ತಪ್ಪಿ ಬಡಿಯಬೇಕು. ಕಾಗದದ ಮೇಲೆ ಇದನ್ನು ಬರೆದು ಕೂಡಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿ.ಎ. ಫೈನಲ್ ಫಲಿತಾಂಶದ ರಾತ್ರಿಯ ನಂತರ ಲೆಕ್ಕವೊಂದು ನನ್ನನ್ನು ಎಬ್ಬಿಸಿ ಕೂರಿಸಿದ್ದು ಅದೇ ಮೊದಲು.

ರಸ್ಕರ್ ತಂಡ ಒಂದು ಎಕ್ಸ್‌ಪೋಷರನ್ನು 52 ಕ್ಷಣಗಳಾಗಿ ಕತ್ತರಿಸಿತು. 26 ತೆರೆದದ್ದು, 26 ಮುಚ್ಚಿದ್ದು. ಅಂಥ ಜೋಡಣೆಗಳು ಕೋಟಿ ಕೋಟಿಗಟ್ಟಲೆ ಇರುವುದರಿಂದ ಎಲ್ಲವನ್ನೂ ಪರೀಕ್ಷಿಸಲು ಆಗದು. ಕಂಪ್ಯೂಟರಿನಿಂದ ಯಾದೃಚ್ಛಿಕವಾಗಿ ಲಕ್ಷಾಂತರ ಜೋಡಣೆಗಳನ್ನು ಆರಿಸಿ, ಯಾವ ಅಗಲದ ಪಟ್ಟೆಯೂ ಸೊನ್ನೆಯ ಹತ್ತಿರ ಹೋಗದ, ಎಲ್ಲಕ್ಕೂ ಹೆಚ್ಚು ಕಡಿಮೆ ಸಮಾನವಾಗಿ ಜಾಗ ಕೊಡುವ ಒಂದನ್ನು ಹಿಡಿದರು. ಅದು ಇದು:

1010000111000001010000110011110111010111001001100111

ಒಂದುಗಳನ್ನು ಎಣಿಸಿ ನೋಡಿದೆ, 26 ಸರಿಯಾಗಿ ಇವೆ. (ಎಣಿಸದೆ ಬಿಡುವವನು ಸಿ.ಎ. ಅಲ್ಲ.) ಅಂಗಡಿಯಲ್ಲಿ ಸಿಗುವ ಡಿಜಿಟಲ್ ಕ್ಯಾಮೆರಾದ ಮಸೂರದ ಮುಂದೆ ದ್ರವ ಸ್ಫಟಿಕದ ಒಂದು ತೆರೆ ಕಟ್ಟಿ, ಅದು ಈ ತಾಳಕ್ಕೆ ಪಾರದರ್ಶಕವೂ ಅಪಾರದರ್ಶಕವೂ ಆಗುವಂತೆ ಒಂದು ಸಣ್ಣ ಚಿಪ್ಪಿನಿಂದ ನಡೆಸಿದರು. ಓಡುವ ವಾಹನದ ನಂಬರ್ ಪ್ಲೇಟ್ ಓದುವುದು ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು. ನಾನು ಎಲ್ಲವನ್ನೂ ಬಿಟ್ಟು ಅದನ್ನೇ ದಿಟ್ಟಿಸಿದ್ದು ಯಾಕೆಂದು ಹೇಳಬೇಕಾಗಿಲ್ಲ.

ಇದರಲ್ಲಿ ನನಗೆ ಹಿಡಿಸಿದ್ದು ಜಾಣತನಕ್ಕಿಂತ ಹೆಚ್ಚಾಗಿ ಆ ವ್ಯಾಪಾರ. ಬರುವ ಬೆಳಕಿನಲ್ಲಿ ಅರ್ಧವನ್ನು ಬೇಕೆಂದೇ ಬಿಟ್ಟುಕೊಡುತ್ತಾರೆ. ಬಿಟ್ಟದ್ದು ಯಾವಾಗ ಎಂದು ಬರೆದಿಟ್ಟುಕೊಳ್ಳುತ್ತಾರೆ. ಹಾಗೆ ತೆಗೆದ ಫೋಟೋ ಬರಿಗಣ್ಣಿಗೆ ಸಾದಾ ಮಸುಕಿಗಿಂತ ಚೆನ್ನಾಗಿ ಏನೂ ಕಾಣುವುದಿಲ್ಲ. ಆದರೆ ಅಖೈರು ಬಾಕಿಯ ಒಳಗೇ ಕಿರ್ದಿಯನ್ನು ಹುದುಗಿಸಿಟ್ಟಿದೆ. ಯಾರೇ ಆ 52 ಅಂಕಿ ಹಿಡಿದು ಬಿಡಿಸಿದರೂ ಒಂದೇ ಉತ್ತರ ಬರುತ್ತದೆ.

ದೌರ್ಬಲ್ಯಗಳೂ ಇದ್ದವು, ಬರೆದವರೇ ಒಪ್ಪಿಕೊಂಡರು. ವಸ್ತು ಯಾವ ದಿಕ್ಕಿಗೆ, ಎಷ್ಟು ದೂರ ಜಾರಿತು ಎಂದು ಗೊತ್ತಿರಬೇಕು. ಒಂದೇ ವೇಗದಲ್ಲಿ ಹೋಗಬೇಕು. ಹಿಂದಿನ ದೃಶ್ಯ ಅದರೊಂದಿಗೆ ಬೆರೆತರೆ ಬೇರ್ಪಡಿಸುವ ಕಷ್ಟ. 2008ರಲ್ಲಿ ಎಂಐಟಿಯ ಅನಾತ್ ಲೆವಿನ್ ಮತ್ತು ಸಂಗಡಿಗರು ವೇಗ ಗೊತ್ತಿರಬೇಕೆಂಬ ಷರತ್ತನ್ನೇ ತಪ್ಪಿಸಲು ಬೇರೆ ದಾರಿ ತೋರಿಸಿದರು. ಫೋಟೋ ತೆಗೆಯುವಾಗ ಕ್ಯಾಮೆರಾವನ್ನೇ ಒಂದು ನಿರ್ದಿಷ್ಟ ಬಗೆಯಲ್ಲಿ ಸರಿಸಿದರೆ, ಅಡ್ಡಡ್ಡ ಸಾಗುವ ವಸ್ತುಗಳು ಬೇರೆ ಬೇರೆ ವೇಗದವಾದರೂ ಒಂದೇ ರೀತಿ ಮಸುಕಾಗುತ್ತವೆ, ಎಲ್ಲವನ್ನೂ ಒಂದೇ ಸೂತ್ರದಿಂದ ಬಿಡಿಸಬಹುದು ಎಂದು.

ದೊಡ್ಡ ಪೆಟ್ಟು ಬಂದದ್ದು 2013ರಲ್ಲಿ, ಫ್ರಾನ್ಸ್‌ನಿಂದ. ತೆಂಡೆರೊ, ಮೊರೆಲ್ ಮತ್ತು ರೂಜೆ ಎಂಬ ಗಣಿತಜ್ಞರು 'ಫ್ಲಟರ್ ಶಟರ್ ವಿರೋಧಾಭಾಸ' ಎಂಬ ಪ್ರಬಂಧ ಬರೆದರು. ಶಟರ್ ಬಡಿಸುತ್ತಾ ನೀವು ಎಷ್ಟು ಹೊತ್ತು ಬೇಕಾದರೂ ಬೆಳಕು ಕೂಡಿಸಬಹುದು, ಒಪ್ಪಿದೆವು. ಆದರೆ ವೇಗ ಗೊತ್ತಿದ್ದರೆ, ಅದಕ್ಕೆ ಸರಿಯಾದ ಚುಟುಕು ಎಕ್ಸ್‌ಪೋಷರ್‌ನ ಒಂದು ಸಾದಾ ಫೋಟೋಗೆ ಹೋಲಿಸಿದಾಗ, ಗದ್ದಲದೆದುರು ಚಿತ್ರ ಎಷ್ಟು ಗಟ್ಟಿ ಎಂಬ ಅಳತೆಯಲ್ಲಿ ಸಿಗುವ ಲಾಭ ಹೆಚ್ಚೆಂದರೆ 1.17 ಪಟ್ಟು. ಎಷ್ಟೇ ಬೆಳಕು ಸುರಿದರೂ ಅದಕ್ಕಿಂತ ಮೇಲೆ ಹೋಗದು. ಮೊದಲ ಸಲ ಓದಿದಾಗ ನನ್ನ ನಾಯಕನನ್ನು ಯಾರೋ ಬೈದಷ್ಟು ಬೇಸರವಾಯಿತು. ಎರಡನೆಯ ಸಲ ಓದಿದಾಗ ಅವರ ಲೆಕ್ಕ ನ್ಯಾಯವಾಗಿದೆ ಅನ್ನಿಸಿತು. ರಸ್ಕರ್ ಹೋಲಿಸಿದ್ದು ಉದ್ದನೆಯ ಸಾದಾ ಎಕ್ಸ್‌ಪೋಷರ್ ಜೊತೆಗೆ, ಇವರು ಹೋಲಿಸಿದ್ದು ಅತ್ಯುತ್ತಮವಾದ ಚುಟುಕು ಎಕ್ಸ್‌ಪೋಷರ್ ಜೊತೆಗೆ. ಹೋಲಿಕೆಯ ಆಧಾರ ವರ್ಷ ಬದಲಾದರೆ ಬೆಳವಣಿಗೆಯ ದರ ಬದಲಾಗುವುದು ನಮಗೆ ಹೊಸತೇನಲ್ಲ.

ಮಾರುಕಟ್ಟೆಯೂ ಚುಟುಕಿನ ಕಡೆಗೇ ವಾಲಿತು. ನಮ್ಮ ಫೋನುಗಳು ರಾತ್ರಿ ಚಿತ್ರ ತೆಗೆಯುವಾಗ ಶಟರ್ ಬಡಿಸುವುದಿಲ್ಲ. ಬೇಗ ಬೇಗ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಸರಿಯಾಗಿ ಕೂರಿಸಿ ಕೂಡಿಸುತ್ತವೆ. ಹಾಗಾಗಿ 52 ಅಂಕಿಯ ಆ ಸಾಲು ಬಾಸ್ಟನ್‌ನಿಂದ ನಮ್ಮ ಜೇಬಿಗೆ ಬರಲೇ ಇಲ್ಲ.

ಆದರೆ ಬಾಸ್ಟನ್‌ನ ಅದೇ 2006ರ ಸಮ್ಮೇಳನದಲ್ಲಿ ಇನ್ನೊಂದು ಪ್ರಬಂಧವೂ ಇತ್ತು. ರಾಬ್ ಫರ್ಗಸ್ ಮತ್ತು ಸಂಗಡಿಗರದು, ಕೈ ನಡುಗಿ ಮಸುಕಾದ ಒಂದೇ ಫೋಟೋದಿಂದ ಆ ನಡುಕವನ್ನು ತೆಗೆಯುವುದು ಹೇಗೆ ಎಂದು. ಅವರ ಬಳಿ ತಾಳದ ದಾಖಲೆ ಇರಲಿಲ್ಲ. ಕೈ ಹೇಗೆ ನಡುಗಿತೆಂದೂ ಗೊತ್ತಿರಲಿಲ್ಲ. ನಿಜವಾದ ಫೋಟೋಗಳಲ್ಲಿ ಅಂಚುಗಳು ಸಾಮಾನ್ಯವಾಗಿ ಹೇಗಿರುತ್ತವೆ ಎಂಬ ಅಂಕಿಅಂಶದ ಜ್ಞಾನದಿಂದ, ಯಾವ ನಡುಕ ಹೆಚ್ಚು ಸಂಭವನೀಯ ಎಂದು ಅಂದಾಜಿಸಿದರು. ಅದು ಸೊಗಸಾದ ಕೆಲಸ, ಅಂದಾಜೆಂದು ಹೇಳಿಕೊಂಡೇ ಮಾಡಿದ ಅಂದಾಜು. ಒಂದೇ ಊರಿನಲ್ಲಿ ಒಂದೇ ವಾರ ಎರಡು ದಾರಿಗಳು ಪಕ್ಕಪಕ್ಕದಲ್ಲಿದ್ದವು. ಒಂದು, ಮೊದಲೇ ದಾಖಲೆ ಇಟ್ಟುಕೊಳ್ಳುವುದು. ಇನ್ನೊಂದು, ಆಮೇಲೆ ಊಹಿಸುವುದು. ಊಹೆಗೆ ಕ್ಯಾಮೆರಾ ಬದಲಿಸಬೇಕಾಗಿಲ್ಲ, ಖರ್ಚಿಲ್ಲ. ಹೀಗಾಗಿ ಊಹೆಯ ವಂಶವೇ ಬೆಳೆಯಿತು. ಕೋಟ್ಯಂತರ ಚಿತ್ರಗಳಿಂದ ಕಲಿತ ಈಗಿನ ಆ್ಯಪ್‌ಗಳು ಆ ವಂಶದ ದೂರದ ಮೊಮ್ಮಕ್ಕಳು, ತಾತನ ಸಂಕೋಚ ಅವಕ್ಕೆ ಬಂದಿಲ್ಲ. 3 ಅಳಿಸಿಹೋದ ಕಡೆ ಅವು "ಗೊತ್ತಿಲ್ಲ" ಎನ್ನುವುದಿಲ್ಲ. ಅಂಕಿ ಇರಬೇಕಾದ ಜಾಗದಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದನ್ನು ಬರೆಯುತ್ತವೆ.

ಇದರ ಅಪಾಯ ಮೊದಲು ಕಂಡದ್ದು ಕ್ಯಾಮೆರಾದಲ್ಲಿ ಅಲ್ಲ, ನಮ್ಮಂಥ ಕಚೇರಿಗಳಲ್ಲಿ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಕಟ್ಟಡದ ನಕ್ಷೆ ಸ್ಕ್ಯಾನ್ ಮಾಡಿದಾಗ ಕೋಣೆಗಳ ವಿಸ್ತೀರ್ಣದ ಅಂಕಿಗಳು ಬದಲಾಗಿದ್ದವು. ಸ್ಕ್ಯಾನರು ಜಾಗ ಉಳಿಸಲು ಒಂದೇ ತರಹ ಕಾಣುವ ಚೂರುಗಳನ್ನು ಒಂದೇ ಎಂದು ತಿಳಿದು, ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುತ್ತಿತ್ತು. 6 ಇದ್ದದ್ದು 8 ಆಗುತ್ತಿತ್ತು. ಮಸುಕಾಗಿ ಅಲ್ಲ, ಅಚ್ಚುಕಟ್ಟಾಗಿ. ನಮ್ಮ ಕಚೇರಿಯಲ್ಲಿ ಆ ಸುದ್ದಿ ಬಂದ ವಾರ ಹಳೆಯ ಫೈಲುಗಳನ್ನು ತೆಗೆದು ಮೂಲ ಬಿಲ್ಲಿನ ಪಕ್ಕ ಇಟ್ಟು ನೋಡಿದ್ದೆವು. ಅಷ್ಟೆಲ್ಲ ಕಂಡಿದ್ದವನು ಒಂಬತ್ತು ವರ್ಷದ ಮೇಲೆ ಆ್ಯಪ್ ಕೊಟ್ಟ ಅಂಕಿಯನ್ನು ನಂಬಿ ಊರಿಗೆ ಫೋನ್ ಮಾಡಿದೆ. 2024ರ ಮಾರ್ಚ್‌ನಲ್ಲಿ ಇಲ್ಲಿನ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ನ್ಯಾಯಾಲಯ, ಕೊಲೆ ಮೊಕದ್ದಮೆಯೊಂದರಲ್ಲಿ ಕೃತಕ ಬುದ್ಧಿಮತ್ತೆಯಿಂದ ಸ್ಪಷ್ಟಗೊಳಿಸಿದ ವಿಡಿಯೋವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಲು ನಿರಾಕರಿಸಿತು. ತೀರ್ಪಿನ ಸುದ್ದಿ ಓದುವಾಗ ನನ್ನ ಕಣ್ಣಿಗೆ ಬಂದದ್ದು ಠಾಣೆಯ ಬೆಂಚು.

ಅಪ್ಪನಿಗೆ ಗುದ್ದಿದವನು ಸಿಕ್ಕಲಿಲ್ಲ. ಮುಂದಿನ ವರ್ಷ ನಾನು ಊರಿಗೆ ಹೋದಾಗ ಅಪ್ಪ ವಾಕರ್ ಬಿಟ್ಟು ಕೋಲಿಗೆ ಬಂದಿದ್ದರು. ಶಟರ್ ಬಡಿಯುವ ಕ್ಯಾಮೆರಾದ ಕಥೆಯನ್ನು ಪಟ್ಟೆಯ ಲೆಕ್ಕದ ಸಮೇತ ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಕೂಡಿಸಿದರು. "ಸರಿಯಾಗದೆ. ಅಂಥ ಕ್ಯಾಮೆರಾ ಆ ಅಂಗಡಿಲಿ ಯಾಕಿರಲಿಲ್ಲ?" ಎಂದರು. ಮಾರುಕಟ್ಟೆಗೆ ಬರಲಿಲ್ಲ ಎಂದೆ. "ಮತ್ತೆ ಬಂದಿರೋದ್ರಲ್ಲಿ ಏನು ಮಾಡಬೌದು ನೋಡು" ಎಂದರು.

ಅಕ್ಕನ ಮಗ ಆ ಹಾರ್ಡ್‌ವೇರ್ ಅಂಗಡಿಯವರಿಗೆ ಗುರುತಿನವನು. ಇಬ್ಬರೂ ಹೋಗಿ ಕೇಳಿಕೊಂಡೆವು. ಫ್ರೆಂಚರ ಪ್ರಬಂಧ ಹೇಳಿದಂತೆ ಕ್ಯಾಮೆರಾದ ಎಕ್ಸ್‌ಪೋಷರನ್ನು ಸೆಕೆಂಡಿನ 500ರಲ್ಲಿ ಒಂದು ಪಾಲಿಗೆ ಇಳಿಸಿದೆವು. ಅಷ್ಟರಲ್ಲಿ ಬೈಕು ಸರಿಯುವುದು 2 ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು, ಓರೆಯಾಗಿ ಹೋದರೆ ಇನ್ನೂ ಕಡಿಮೆ. ಬೆಳಕು 20 ಪಟ್ಟು ಕಡಿಮೆಯಾಗಿ ರಸ್ತೆ ಕಪ್ಪಾಯಿತು. ಅದಕ್ಕೆ ಅಂಗಡಿಯ ಬೋರ್ಡಿನ ಕೆಳಗೆ ರಸ್ತೆಗೆ ಮುಖ ಮಾಡಿ ಎರಡು ಎಲ್‌ಇಡಿ ದೀಪ ಹಾಕಿಸಿದೆವು. ಕರೆಂಟು ಬಿಲ್ಲು ಯಾರು ಕಟ್ಟುವುದೆಂದು ಅಂಗಡಿಯವರು ಕೇಳಿದರು. ತಿಂಗಳಿಗೆ ಇಷ್ಟು ಎಂದು ಒಪ್ಪಿಕೊಂಡು ಬಂದೆ. ಚಿತ್ರದಲ್ಲಿ ರಸ್ತೆಯ ಆಚೆ ಬದಿ ಈಗಲೂ ಕತ್ತಲೆ, ಮುಖಗಳು ಸರಿಯಾಗಿ ಕಾಣುವುದಿಲ್ಲ. ಪ್ಲೇಟುಗಳನ್ನು ಮಾತ್ರ ಓದಬಹುದು. ಅಕ್ಕನ ಮಗ ಆಗಾಗ ಒಂದೊಂದು ಚಿತ್ರ ಕಳಿಸುತ್ತಾನೆ. 3 ಯಾವುದು, 8 ಯಾವುದು ಎಂದು ದೊಡ್ಡದು ಮಾಡಿ ನೋಡುತ್ತೇನೆ.